ಹೊಸ ಪ್ರಾಡಕ್ಟ್ ಮಾಡುವ ದಾರಿ: ಗೇಟು, ಸ್ಕ್ರಮ್, ಲೀನ್ ಅಥವಾ ಹೊರಗಿನವರ ಕೈಗೆ?

ಪೀಣ್ಯದಲ್ಲಿ ನಲವತ್ತು ಜನರ ಕಾರ್ಖಾನೆ ನಡೆಸುವ ಗೆಳೆಯರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ಬೋರ್‌ವೆಲ್ ಪಂಪಿಗೆ ಸ್ಟಾರ್ಟರ್ ಪ್ಯಾನೆಲ್ ಮಾಡುತ್ತಾರೆ. ಮೊಬೈಲಿನಿಂದಲೇ ಮೋಟಾರ್ ಆನ್-ಆಫ್ ಮಾಡುವಂಥದ್ದೊಂದನ್ನು ಮಾರುಕಟ್ಟೆಗೆ ತರಬೇಕು ಅಂತ ಎರಡು ವರ್ಷದಿಂದ ಒದ್ದಾಡುತ್ತಿದ್ದಾರೆ. ಕನ್ಸಲ್ಟೆಂಟ್ ಒಬ್ಬರು ಬಂದು ‘ಸ್ಟೇಜ್-ಗೇಟ್ ಹಾಕಿ, ಎಲ್ಲ ಸರಿಹೋಗುತ್ತೆ’ ಅಂದರಂತೆ. ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಮಗಳು ‘ಅಪ್ಪಾ, ಸ್ಕ್ರಮ್ ಮಾಡೋಣ’ ಅನ್ನುತ್ತಾಳಂತೆ. ಲೆಕ್ಕ ನೋಡುವವರದ್ದು ಇನ್ನೊಂದು ರಾಗ: ‘ಡಿಸೈನೆಲ್ಲ ಹೊರಗೆ ಕೊಟ್ಟುಬಿಡಿ ಸಾರ್, ಸಂಬಳವಾದರೂ ಉಳಿಯುತ್ತೆ.’

‘ಯಾರ ಮಾತು ಕೇಳಲಿ ಹೇಳು’ ಅಂದರು. ಇದೇ ಪ್ರಶ್ನೆಯನ್ನು ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಒಂದಿಬ್ಬರೂ ಕೇಳಿದ್ದರು. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಐವತ್ತು, ನೂರು ಜನರ ಒಳಗಿನ, ಕೈಗೆ ಸಿಗುವ ವಸ್ತು ಮಾಡುವ ಕಂಪನಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಬರೀ ಆ್ಯಪ್ ಮಾಡುವವರಿಗೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬರಲಿಕ್ಕಿಲ್ಲ.

ಅಳತೆಗೋಲು ಹುಟ್ಟಿದ್ದು ತೋಟದಲ್ಲಿ

ಹಿಂದೆ ನಾನಿದ್ದ ಒಂದು ಕಂಪನಿ ಅಡಿಕೆ ತೋಟಕ್ಕೆ ಅಂತ ಸ್ಪ್ರೇ ಗನ್ ಮಾಡಿತು. ಫೈಬರ್ ದೋಟಿಯ ತುದಿಗೆ ಕಟ್ಟಿ, ನೆಲದ ಮೇಲೆ ನಿಂತೇ ಗೊನೆಗೆ ಔಷಧಿ ಹೊಡೆಯುವಂಥದ್ದು. ಮರ ಹತ್ತುವವರು ಸಿಗುತ್ತಿಲ್ಲ, ಹಾಗಾಗಿ ಐಡಿಯಾ ಚೆನ್ನಾಗೇ ಇತ್ತು. ಶೆಡ್ಡಿನಲ್ಲಿ ನೀರು ತುಂಬಿ ಪರೀಕ್ಷೆ ಮಾಡಿದೆವು. ಮಂಜಿನ ಹಾಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೌಲ್ಡ್‌ಗೆ, ಅಂದರೆ ಭಾಗಗಳನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚಿಗೆ, ಆರ್ಡರ್ ಹೋಯಿತು.

ಮೇ ಕೊನೆಯಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೋಟಕ್ಕೆ ಒಯ್ದೆವು. ಅಲ್ಲಿ ಹೊಡೆಯುವುದು ನೀರಲ್ಲ, ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತೋಟದ ಯಜಮಾನರು ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ ನೋಡಿದರು. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕತ್ತಿ ನೋಡಿದಾಗಲೇ ನನಗೆ ಹೊಟ್ಟೆ ತೊಳಸಿತು. ನಮ್ಮ ಟ್ರಿಗರ್ ಒಳಗೆ ಕಬ್ಬಿಣದ ಸ್ಪ್ರಿಂಗ್ ಇತ್ತು! ಅದು ಕೆಡುವುದಕ್ಕೂ ಮೊದಲೇ ಸುಣ್ಣದ ಗಸಿ ನಾಜಲ್‌ನಲ್ಲಿ ಕಟ್ಟಿಕೊಂಡಿತು. ಅರ್ಧ ಗಂಟೆಯಲ್ಲಿ ನಾಲ್ಕು ಸಲ ಐವತ್ತು ಅಡಿ ದೋಟಿ ಕೆಳಗಿಳಿಸಿ, ಕಡ್ಡಿಯಿಂದ ಚುಚ್ಚಿ, ಮತ್ತೆ ಮೇಲೇರಿಸಿದೆವು. ಐದನೇ ಸಲಕ್ಕೆ ಯಜಮಾನರು ‘ಕಾಫಿ ಕುಡಿದು ಹೊರಡಿ’ ಅಂದರು.

ಕೊಳೆರೋಗಕ್ಕೆ ಮೊದಲ ಔಷಧಿ ಮುಂಗಾರು ಹಿಡಿಯುವ ಮೊದಲು ಆಗಬೇಕು, ಎರಡನೆಯದು ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ. ನಾವು ಮೌಲ್ಡ್ ತಿದ್ದಿಸಿಕೊಂಡು ಬರುವಷ್ಟರಲ್ಲಿ ಎರಡೂ ಮುಗಿದಿತ್ತು. ಒಂದು ವರ್ಷ ಹೋಯಿತು.

ಈ ಕಥೆಯಿಂದಲೇ ನನ್ನ ಐದು ಪ್ರಶ್ನೆ ಹುಟ್ಟಿದ್ದು. ಯಾವ ಪದ್ಧತಿ ಆರಿಸುವ ಮೊದಲೂ ಇವಕ್ಕೆ ಉತ್ತರ ಬರೆದುಕೊಳ್ಳಿ.

ಒಂದು, ಹಿಂದಕ್ಕೆ ಬರಲಾಗದ ಜಾಗ ಎಲ್ಲಿದೆ? ಡ್ರಾಯಿಂಗ್ ತಿದ್ದಲು ಒಂದು ಮಧ್ಯಾಹ್ನ ಸಾಕು. ಉಕ್ಕಿನ ಮೌಲ್ಡ್ ಕೊರೆದ ಮೇಲೆ ಅದೇ ತಿದ್ದುಪಡಿಗೆ ವಾರಗಳು, ಲಕ್ಷಗಳು. ಪ್ರಮಾಣಪತ್ರ ಸಿಕ್ಕ ಮೇಲೆ ಮುಖ್ಯ ಭಾಗ ಬದಲಿಸಿದರೆ ಮತ್ತೆ ಪರೀಕ್ಷೆ.

ಎರಡು, ನಿಮಗೆ ಗೊತ್ತಿಲ್ಲದಿರುವುದು ಏನು? ‘ಇದನ್ನು ಮಾಡಲು ಆಗುತ್ತಾ’ ಅನ್ನೋದೇ, ಅಥವಾ ‘ಇದನ್ನು ಯಾರಾದರೂ ಕೊಳ್ಳುತ್ತಾರಾ’ ಅನ್ನೋದೇ? ಎರಡಕ್ಕೂ ಮದ್ದು ಬೇರೆ ಬೇರೆ.

ಮೂರು, ಕ್ಯಾಲೆಂಡರ್ ಯಾರ ಕೈಯಲ್ಲಿದೆ? ನಮಗೆ ಮುಂಗಾರು. ಫ್ಯಾನ್ ಮಾಡುವವರಿಗೆ ಬೇಸಿಗೆ ಒಂದೇ ಅಲ್ಲ, ಸರ್ಕಾರವೂ ಹೌದು: 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ವಿದ್ಯುತ್ ಉಳಿತಾಯದ ಸ್ಟಾರ್ ಲೇಬಲ್ ಕಡ್ಡಾಯವಾಯಿತು. ಅಂಥ ತಾರೀಖು ಯಾರಿಗೂ ಕಾಯುವುದಿಲ್ಲ.

ನಾಲ್ಕು, ಕೈ ಎಷ್ಟಿವೆ? ಡಿಸೈನ್ ಮಾಡುವವನೇ ಗ್ರಾಹಕರ ಕಂಪ್ಲೇಂಟಿಗೂ ಓಡುತ್ತಾನಾ? ಸಣ್ಣ ಕಂಪನಿಗಳಲ್ಲಿ ಹೆಚ್ಚಾಗಿ ಹೌದು.

ಐದನೆಯದು ಮುಜುಗರದ್ದು. ಮಾಲೀಕರಿಗೆ ‘ಇದು ಬೇಡ ಸಾರ್’ ಅನ್ನುವ ಧೈರ್ಯ ಯಾರಿಗಿದೆ? ಯಾರಿಗೂ ಇಲ್ಲದಿದ್ದರೆ ಯಾವ ಪದ್ಧತಿ ತಂದರೂ ಗೋಡೆಗೆ ಒಂದು ಚಾರ್ಟ್ ಜಾಸ್ತಿ ಆಗುತ್ತೆ, ಅಷ್ಟೇ.

ಈಗಿರುವ ಹಾಗೇ ಇದ್ದರೆ?

ಮೊದಲು ಇದನ್ನೂ ಒಂದು ಆಯ್ಕೆ ಅಂತ ಲೆಕ್ಕಕ್ಕೆ ಹಿಡಿಯೋಣ. ಮಾಲೀಕರ ತಲೆಯಲ್ಲಿ ಎಲ್ಲ ಇದೆ. ಬೆಳಿಗ್ಗೆ ಶಾಪ್ ಫ್ಲೋರಿಗೆ ಬಂದು ‘ಇದನ್ನು ಎರಡು ಎಂಎಂ ಕಡಿಮೆ ಮಾಡಿ’ ಅನ್ನುತ್ತಾರೆ, ಸಂಜೆಗೆ ಆಗಿರುತ್ತೆ. ಹತ್ತು ಜನರ ಒಳಗಿನ ಕಂಪನಿಗೆ, ಇರುವ ಮಾಲನ್ನೇ ಸ್ವಲ್ಪ ಸ್ವಲ್ಪ ತಿದ್ದುವವರಿಗೆ, ಇದಕ್ಕಿಂತ ವೇಗದ್ದು ಬೇರೆ ಇಲ್ಲ. ಖರ್ಚೂ ಇಲ್ಲ.

ಕೆಡುವುದು ಏಕಕಾಲಕ್ಕೆ ಮೂರು ಪ್ರಾಡಕ್ಟ್ ಕೈಗೆತ್ತಿಕೊಂಡಾಗ. ಮೂರೂ ‘ಆಲ್ಮೋಸ್ಟ್ ಮುಗೀತು’ ಸ್ಥಿತಿಯಲ್ಲಿ ವರ್ಷಗಟ್ಟಲೆ ಇರುತ್ತವೆ. ನೀವು ಈ ದಾರಿಯಲ್ಲೇ ಇರುವುದಾದರೆ ಒಂದು ನೋಟ್‌ಬುಕ್ ಇಡಿ. ಯಾವ ದಿನ ಏನು ಬದಲಿಸಿದೆವು, ಯಾಕೆ, ಅಷ್ಟು ಸಾಕು. ನಮ್ಮ ಸ್ಪ್ರೇ ಗನ್ನಿಗೆ ಕಬ್ಬಿಣದ ಸ್ಪ್ರಿಂಗ್ ಹಾಕಲು ಹೇಳಿದ್ದು ಯಾರು ಅನ್ನೋದು ಇವತ್ತಿಗೂ ಪತ್ತೆಯಾಗಿಲ್ಲ.

ಸ್ಟೇಜ್-ಗೇಟ್

ಹೆಸರು ಕೇಳಿ ಹೆದರಬೇಡಿ. ಕೆಲಸವನ್ನು ಹಂತಗಳಾಗಿ ಒಡೆಯುವುದು, ಪ್ರತಿ ಹಂತದ ಮುಂದೆ ಒಂದು ಗೇಟು. ಗೇಟಿನಲ್ಲಿ ಕೇಳುವುದು ಒಂದೇ: ಮುಂದಿನ ಹಂತಕ್ಕೆ ದುಡ್ಡು ಕೊಡೋಣವೋ ಬೇಡವೋ? ಅಮೆರಿಕದ ನಾಸಾ 1960ರ ದಶಕದಲ್ಲೇ ಇಂಥ ಹಂತದ ಪದ್ಧತಿ ಇಟ್ಟುಕೊಂಡಿತ್ತು. ಇದಕ್ಕೆ ಈಗಿನ ಹೆಸರು ಮತ್ತು ರೂಪ ಕೊಟ್ಟವರು ಕೆನಡಾದ ರಾಬರ್ಟ್ ಕೂಪರ್, 1980ರ ದಶಕದಲ್ಲಿ. ಗೇಟಿನಿಂದ ಬರುವ ಉತ್ತರ ನಾಲ್ಕು ಥರ: ಮುಂದೆ ಹೋಗಿ, ನಿಲ್ಲಿಸಿ, ಸದ್ಯ ಬದಿಗಿಡಿ, ಹಿಂದೆ ಹೋಗಿ ಸರಿ ಮಾಡಿಕೊಂಡು ಬನ್ನಿ.

ಹಿಂದಕ್ಕೆ ಬರಲಾಗದ ಜಾಗ ಇರುವ ಕೆಲಸಕ್ಕೆ ಇದೇ ಸರಿ. ಮೌಲ್ಡ್, ಡೈ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಮಾಣಪತ್ರ, ವೈದ್ಯಕೀಯ ಉಪಕರಣ, ಒತ್ತಡದ ಟ್ಯಾಂಕು ಇಂಥವು. ಮೌಲ್ಡ್ ಆರ್ಡರ್‌ಗೆ ಮೊದಲು ಒಂದು ಗೇಟಿದ್ದು, ಅದರಲ್ಲಿ ‘ನಿಜವಾದ ಬೋರ್ಡೋ ದ್ರಾವಣದಲ್ಲಿ ಎರಡು ದಿನ ಓಡಿದೆಯಾ’ ಅನ್ನುವ ಒಂದು ಸಾಲು ಇದ್ದಿದ್ದರೆ ನಮಗೆ ಆ ವರ್ಷ ಉಳಿಯುತ್ತಿತ್ತು.

ತೊಂದರೆ ಏನಪ್ಪಾ ಅಂದರೆ, ಪುಸ್ತಕದಲ್ಲಿ ಇರುವ ಹಾಗೆ ಐದು ಹಂತ, ಐದು ಗೇಟು, ಪ್ರತಿಯೊಂದಕ್ಕೂ ಫಾರಂ ಅಂತ ಶುರು ಮಾಡಿದರೆ ನಲವತ್ತು ಜನರ ಕಂಪನಿ ಫಾರಂ ತುಂಬುವುದರಲ್ಲೇ ಮುಗಿಯುತ್ತೆ. ಇನ್ನೊಂದು, ನಾನು ಜಾಸ್ತಿ ನೋಡಿರುವ ಕಾಯಿಲೆ: ಗೇಟಿಗೆ ಬಂದ ಒಂದು ಪ್ರಾಜೆಕ್ಟೂ ನಿಲ್ಲುವುದೇ ಇಲ್ಲ. ಎಲ್ಲರೂ ಬಿಸ್ಕತ್ತು ತಿಂದು ಸಹಿ ಹಾಕಿ ಎದ್ದು ಹೋಗುತ್ತಾರೆ. ವರ್ಷದಲ್ಲಿ ಒಂದನ್ನೂ ನಿಲ್ಲಿಸದ ಗೇಟು ಗೇಟಲ್ಲ, ಕಮಾನು.

ಸಣ್ಣ ಕಂಪನಿಗೆ ಎರಡೇ ಗೇಟು ಸಾಕು ಅಂತ ನನ್ನ ಅಭಿಪ್ರಾಯ. ಒಂದು ಮೌಲ್ಡ್ ಅಥವಾ ದೊಡ್ಡ ಖರ್ಚಿಗೆ ಮುಂಚೆ. ಇನ್ನೊಂದು ಡೀಲರ್‌ಗಳಿಗೆ ಮಾಲು ಹೊರಡುವ ಮುಂಚೆ. ಒಂದೊಂದಕ್ಕೂ ಒಂದೇ ಹಾಳೆ. ಮೀಟಿಂಗಿನಲ್ಲಿ ಮಾರಾಟದವರು, ಉತ್ಪಾದನೆಯವರು, ಸರ್ವೀಸಿನವರು ಇರಲೇಬೇಕು. ಸರ್ವೀಸಿನ ಹುಡುಗನನ್ನು ಎಲ್ಲರೂ ಮರೆಯುತ್ತಾರೆ. ಯಾವ ಸ್ಕ್ರೂ ಬಿಚ್ಚಲು ಕೈ ಹೋಗುವುದಿಲ್ಲ ಅನ್ನೋದು ಅವನಿಗೆ ಮಾತ್ರ ಗೊತ್ತಿರುತ್ತೆ.

ಸ್ಕ್ರಮ್

ಇದು ಸಾಫ್ಟ್‌ವೇರಿನವರ ಆಸ್ತಿ ಅಂತ ಎಲ್ಲರ ನಂಬಿಕೆ. ಮೂಲ ನೋಡಿದರೆ ತಮಾಷೆಯಾಗಿದೆ. 1986ರಲ್ಲಿ ಜಪಾನಿನ ತಾಕೆಯುಚಿ ಮತ್ತು ನೊನಾಕಾ ಅನ್ನುವ ಇಬ್ಬರು ಪ್ರೊಫೆಸರುಗಳು ಹೊಸ ಪ್ರಾಡಕ್ಟ್ ಬೇಗ ಮಾಡುವ ಕಂಪನಿಗಳ ಬಗ್ಗೆ ಒಂದು ಲೇಖನ ಬರೆದರು. ಅವರು ನೋಡಿದ್ದು ಹೋಂಡಾದ ಕಾರು, ಕ್ಯಾನನ್ ಮತ್ತು ಫ್ಯೂಜಿ-ಜೆರಾಕ್ಸ್ ಕಾಪಿ ಮಷೀನು ಇಂಥವನ್ನು. ರಿಲೇ ಓಟದ ಹಾಗೆ ಒಂದು ವಿಭಾಗ ಮುಗಿಸಿ ಇನ್ನೊಂದಕ್ಕೆ ಕೊಡುವ ಬದಲು, ರಗ್ಬಿ ತಂಡದ ಹಾಗೆ ಎಲ್ಲರೂ ಒಟ್ಟಿಗೆ ಚೆಂಡು ಒಯ್ಯುತ್ತಾರೆ ಅಂದರು. ಸ್ಕ್ರಮ್ ಅನ್ನುವ ಮಾತು ಬಂದದ್ದು ಆ ರಗ್ಬಿಯಿಂದ. ಸದರ್‌ಲ್ಯಾಂಡ್ ಮತ್ತು ಶ್ವೇಬರ್ ಅದನ್ನು ಸಾಫ್ಟ್‌ವೇರಿನ ಪದ್ಧತಿಯಾಗಿ ಮಂಡಿಸಿದ್ದು 1995ರಲ್ಲಿ. ಅಂದರೆ ಕಬ್ಬಿಣದ ಅಂಗಡಿಯಿಂದ ಹೋದ ಐಡಿಯಾ ಕಂಪ್ಯೂಟರ್ ಅಂಗಡಿ ಸುತ್ತಿ ವಾಪಸ್ ಬಂದಿದೆ.

ಎರಡು ವಾರಕ್ಕೊಮ್ಮೆ ಏನಾದರೂ ಮುಗಿಸಿ ತೋರಿಸಬೇಕು, ದಿನಾ ಬೆಳಿಗ್ಗೆ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡಬೇಕು, ಕೆಲಸದ ಪಟ್ಟಿ ಗೋಡೆಯ ಮೇಲೆ ಕಾಣಬೇಕು. ಫರ್ಮ್‌ವೇರ್, ಅಂದರೆ ಯಂತ್ರದ ಒಳಗೇ ಕೂತಿರುವ ಸಾಫ್ಟ್‌ವೇರ್, ಇರುವ ವಸ್ತುವಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಬರೀ ಲೋಹದ ಕೆಲಸದಲ್ಲಿ ಎಡವುತ್ತಾರೆ. ಎರಡು ವಾರದಲ್ಲಿ ಬೆಳಗಾವಿಯ ಫೌಂಡ್ರಿಯಿಂದ ಹೊಸ ಕಾಸ್ಟಿಂಗ್ ಬರುತ್ತಾ? ಬರಲ್ಲ. ಆದರೆ ಎರಡು ವಾರದಲ್ಲಿ ಒಂದು 3ಡಿ ಪ್ರಿಂಟ್ ಮಾಡಿ, ಕೈಯಲ್ಲಿ ಹಿಡಿದು, ‘ಹಿಡಿ ದಪ್ಪ ಆಯ್ತು’ ಅಂತ ತಿಳಿದುಕೊಳ್ಳಬಹುದು. ‘ಮುಗಿಯಿತು’ ಅನ್ನೋದಕ್ಕೆ ನೀವು ಕೊಡುವ ಅರ್ಥ ಬದಲಾಗಬೇಕು, ಅಷ್ಟೇ.

ಎಷ್ಟೇ ಓಡಿದರೂ ಹಾರ್ಡ್‌ವೇರ್ ತನ್ನ ಸಮಯ ತೆಗೆದುಕೊಳ್ಳುತ್ತೆ ಅನ್ನೋದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಏಥರ್ ಕಂಪನಿ ತನ್ನ ಎಲೆಕ್ಟ್ರಿಕ್ ಸ್ಕೂಟರನ್ನು ಮೊದಲು ತೋರಿಸಿದ್ದು 2016ರ ಫೆಬ್ರವರಿಯಲ್ಲಿ. ಮಾರಾಟಕ್ಕೆ ಬಿಟ್ಟಿದ್ದು 2018ರ ಜೂನಿನಲ್ಲಿ, 340 ಮತ್ತು 450 ಅಂತ ಎರಡು ಮಾದರಿ. ಮರುವರ್ಷವೇ ಕಡಿಮೆ ಬೆಲೆಯ 340 ನಿಲ್ಲಿಸಿದರು, ಯಾಕೆಂದರೆ ಜನ 450 ಅನ್ನೇ ಕೇಳುತ್ತಿದ್ದರು. ‘ಅಗ್ಗದ್ದು ಜಾಸ್ತಿ ಹೋಗುತ್ತೆ’ ಅಂತ ನಾವೆಲ್ಲ ಸುಮ್ನೆ ಅಂದುಕೊಳ್ಳುತ್ತೇವಲ್ಲ, ಅದನ್ನು ಮಾರುಕಟ್ಟೆಗೆ ಇಟ್ಟು ನೋಡದೆ ತಿಳಿಯುವುದು ಕಷ್ಟ.

ಸ್ಕ್ರಮ್‌ಗೆ ಖರ್ಚು ಕಡಿಮೆ: ಒಂದು ಬಿಳಿ ಬೋರ್ಡು, ಅಂಟುವ ಚೀಟಿ. ನಿಜವಾದ ಬೆಲೆ ಬೇರೆ ಇದೆ. ಎರಡು ವಾರ ಆ ತಂಡವನ್ನು ಬೇರೆ ಕೆಲಸಕ್ಕೆ ಎಳೆಯುವ ಹಾಗಿಲ್ಲ. ‘ಅರ್ಜೆಂಟ್, ಒಂದು ಗಂಟೆ ಅಷ್ಟೇ’ ಅಂತ ದಿನಾ ಕರೆಯುವ ಮಾಲೀಕರಿಗೆ ಇದು ಮೌಲ್ಡ್‌ಗಿಂತ ದುಬಾರಿ.

ಲೀನ್: ಮೌಲ್ಡ್‌ಗೆ ಮೊದಲು ಇಪ್ಪತ್ತು ಪೀಸ್

‘ಯಾರಾದರೂ ಕೊಳ್ಳುತ್ತಾರಾ’ ಅನ್ನೋದೇ ನಿಮ್ಮ ಅನುಮಾನವಾಗಿದ್ದರೆ ಈ ದಾರಿ. ಪೂರ್ತಿ ಮಾಡುವ ಮೊದಲೇ, ಕೆಲಸ ನಡೆಯುವಷ್ಟು ಮಾಡಿ, ನಿಜವಾದ ಗ್ರಾಹಕರಿಗೆ ಕೊಟ್ಟು, ಕಲಿತು, ತಿದ್ದುವುದು. ಹಿಂದೆ ಇದು ವಸ್ತು ಮಾಡುವವರಿಗೆ ಕಷ್ಟವಿತ್ತು. ಈಗ ಹಾಗಿಲ್ಲ. ಒಂದು 3ಡಿ ಪ್ರಿಂಟ್ ಮಾದರಿಯಿಂದ ಸಿಲಿಕೋನ್ ಅಚ್ಚು ಮಾಡಿ, ಇಪ್ಪತ್ತರ ಸುಮಾರಿಗೆ ಪೀಸ್ ಎರಕ ಹೊಯ್ಯಬಹುದು. ನೋಡಲು, ಹಿಡಿಯಲು ಹೆಚ್ಚುಕಡಿಮೆ ಕೊನೆಯ ಮಾಲಿನ ಹಾಗೇ ಇರುತ್ತೆ. ಸರ್ಕಿಟ್ಟಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್ ಇದೆ. ಮೌಲ್ಡ್ ಬಗ್ಗೆ ಸಲಹೆಗೆ, ಸಣ್ಣ ಟೂಲಿಂಗಿಗೆ ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ಜಿಟಿಟಿಸಿ ಇದೆ. ಯಂತ್ರದ ಕೆಲಸವಾದರೆ ತುಮಕೂರು ರಸ್ತೆಯ ಕೇಂದ್ರ ಸರ್ಕಾರದ ಸಂಸ್ಥೆ ಸಿಎಂಟಿಐ.

ಇಲ್ಲಿ ಒಂದೇ ನಿಯಮ ಬಿಗಿಯಾಗಿ ಹಿಡಿಯಿರಿ: ಪುಕ್ಕಟೆ ಕೊಡಬೇಡಿ. ನಮ್ಮ ಜನ ಒಳ್ಳೆಯವರು. ಮನೆಗೆ ಬಂದವರ ಮನಸ್ಸು ನೋಯಿಸಲ್ಲ. ‘ಬಾಳಾ ಚಲೋ ಐತ್ರಿ’ ಅಂತಾರೆ, ಚಹಾ ಕೊಡುತ್ತಾರೆ, ಆಮೇಲೆ ಕೊಳ್ಳುವುದಿಲ್ಲ. ಐನೂರು ರೂಪಾಯಿ ಮುಂಗಡ ಕೇಳಿ ನೋಡಿ. ಆಗ ಬರುತ್ತೆ ನಿಜವಾದ ಮಾತು.

ಇದನ್ನು ಬರೆಯುವಾಗಲೆಲ್ಲ ನನಗೆ ಸಿಂಪ್ಯೂಟರ್ ನೆನಪಾಗುತ್ತೆ. ಐಐಎಸ್‌ಸಿಯವರೂ ಬೆಂಗಳೂರಿನ ಎಂಜಿನಿಯರುಗಳೂ ಸೇರಿ 2000ದ ಆಸುಪಾಸಿನಲ್ಲಿ ಮಾಡಿದ ಅಂಗೈಯಗಲದ ಕಂಪ್ಯೂಟರ್. ಲಿನಕ್ಸ್ ಮೇಲೆ ಓಡುತ್ತಿತ್ತು. ಒಂದನ್ನೇ ಊರಿನ ಹಲವರು ಹಂಚಿಕೊಳ್ಳಲಿ ಅಂತ ಸ್ಮಾರ್ಟ್ ಕಾರ್ಡ್ ಇತ್ತು. ಓದಲು ಬಾರದವರಿಗೆ ದನಿಯಲ್ಲಿ ಹೇಳುವ ಯೋಚನೆಯೂ ಇತ್ತು. ‘ಮಾಡಲು ಆಗುತ್ತಾ’ ಅನ್ನುವ ಪ್ರಶ್ನೆಗೆ ಅದು ಭರ್ಜರಿ ಉತ್ತರ. ಮಾರಾಟ ಮಾತ್ರ ಅಂದುಕೊಂಡಿದ್ದರ ಹತ್ತಿರಕ್ಕೂ ಹೋಗಲಿಲ್ಲ. ಅಷ್ಟರಲ್ಲಿ ಹಳ್ಳಿಗಳಿಗೆ ಅಗ್ಗದ ಮೊಬೈಲ್ ಬರತೊಡಗಿತ್ತು.

ಲೀನ್ ಎಲ್ಲಿ ಬೇಡ? ಶಾಕ್ ಹೊಡೆಯುವ, ಸಿಡಿಯುವ, ದೇಹದೊಳಗೆ ಹೋಗುವ ವಸ್ತುವನ್ನು ಅರೆಬೆಂದ ಸ್ಥಿತಿಯಲ್ಲಿ ಗ್ರಾಹಕರ ಕೈಗೆ ಕೊಡುವ ಹಾಗಿಲ್ಲ, ಅಲ್ವಾ? ಹೆಸರು ಕೆಡುವ ಭಯವೂ ಇದೆ. ಸಾಗರದ ಒಂದು ತೋಟದಲ್ಲಿ ಬೆಳಿಗ್ಗೆ ಕೆಟ್ಟಿದ್ದು ಸಂಜೆಗೆ ಮಂಡಿಯಲ್ಲಿ ಸುದ್ದಿ. ಅದಕ್ಕೇ ಪ್ರಯೋಗದ ಪೀಸುಗಳಿಗೆ ಬೇರೆ ಬಣ್ಣ ಕೊಡಿ, ‘ಪರೀಕ್ಷೆಗೆ’ ಅಂತ ದಪ್ಪಕ್ಷರದಲ್ಲಿ ಬರೆಯಿರಿ, ಫೋನ್ ಬಂದ ದಿನವೇ ಹೋಗಿ.

ಇದರ ಜೊತೆಗೇ ಟೊಯೋಟಾದವರ ಒಂದು ಅಭ್ಯಾಸ ಹೇಳಿಬಿಡುತ್ತೇನೆ. ಅನುಮಾನ ಇರುವ ಭಾಗಕ್ಕೆ ಮೊದಲೇ ಒಂದು ಡಿಸೈನ್ ಆರಿಸಿ ಕೂರುವುದಿಲ್ಲ. ಎರಡು ಮೂರು ಡಿಸೈನನ್ನು ಜೊತೆಜೊತೆಗೆ ಬೆಳೆಸಿ, ಪರೀಕ್ಷೆಯಲ್ಲಿ ಬಿದ್ದದ್ದನ್ನು ಬಿಡುತ್ತಾ ಹೋಗುತ್ತಾರೆ. ಇಡೀ ಪ್ರಾಡಕ್ಟಿಗೆ ಹೀಗೆ ಮಾಡುವ ದುಡ್ಡು ನಮಗಿಲ್ಲ. ಒಂದು ಭಾಗಕ್ಕೆ ಮಾಡಬಹುದು. ಮರುವರ್ಷ ನಾವು ಹಿತ್ತಾಳೆ, ಪ್ಲಾಸ್ಟಿಕ್, ಸೆರಾಮಿಕ್ ಮೂರೂ ನಾಜಲ್ ತೋಟಕ್ಕೆ ಒಯ್ದೆವು. ಜೊತೆಗೆ ಕೈಯಿಂದ ಬಿಚ್ಚಿ ತೊಳೆಯುವ ಜಾಲರಿ. ಸೆರಾಮಿಕ್ ಗೆದ್ದಿತು.

ಹೊರಗಿನವರ ಕೈಗೆ

ಡಿಸೈನ್ ಸ್ಟುಡಿಯೋಗೆ ಕೊಡುವುದು ಒಂದು. ಬೇರೆಯವರು ಮಾಡಿದ ಮಾಲಿಗೆ ನಿಮ್ಮ ಸ್ಟಿಕರ್ ಹಚ್ಚುವುದು ಇನ್ನೊಂದು. ಎರಡನೆಯದು ತಿಂಗಳಲ್ಲಿ ಆಗುತ್ತೆ, ಆದರೆ ಪಕ್ಕದ ಅಂಗಡಿಯಲ್ಲೂ ಅದೇ ಮಾಲು ಬೇರೆ ಸ್ಟಿಕರ್ ಹಚ್ಚಿಕೊಂಡು ಕೂತಿರುತ್ತೆ. ಡೀಲರ್‌ಗೆ ನೀವು ಕೊಡುವುದು ಬೆಲೆ ಒಂದೇ.

ಸ್ಟುಡಿಯೋ ಒಳ್ಳೆಯದು, ಯಾವಾಗ ಅಂದರೆ ಕೆಲಸ ನಿಮಗೆ ಅಪರೂಪದ್ದಾಗಿದ್ದಾಗ. ಮೂರು ವರ್ಷಕ್ಕೊಂದು ಪ್ರಾಡಕ್ಟ್ ತರುವವರು ಡಿಸೈನರ್‌ಗೆ ಸಂಬಳ ಕೊಟ್ಟು ಕೂರಿಸಬೇಕಿಲ್ಲ. ಒಪ್ಪಂದದಲ್ಲಿ ಮೂರು ವಿಷಯ ನೋಡಿ. ತಿದ್ದಲು ಬರುವ ಮೂಲ ಸಿಎಡಿ (ಕಂಪ್ಯೂಟರ್ ಡ್ರಾಯಿಂಗ್) ಫೈಲ್ ನಿಮಗೆ ಬರುತ್ತಾ, ಅಥವಾ ಬರೀ ಪಿಡಿಎಫ್ಫಾ? ಮೌಲ್ಡ್ ವೆಂಡರ್ ಶೆಡ್ಡಿನಲ್ಲಿ ಇದ್ದರೂ ಅದು ನಿಮ್ಮದು ಅಂತ ಬರೆದಿದೆಯಾ? ರೂಪದ ಹಕ್ಕು ಯಾರದು? ನಮ್ಮ ಡಿಸೈನ್ ಕಾಯ್ದೆಯಲ್ಲಿ ನೋಂದಣಿಗೆ ಹತ್ತು ವರ್ಷ ರಕ್ಷಣೆ, ಆಮೇಲೆ ಐದು ವರ್ಷ ವಿಸ್ತರಣೆ. ಆದರೆ ಅದು ಹೊಸದಾಗಿರಬೇಕು. ಜಿಕೆವಿಕೆ ಕೃಷಿ ಮೇಳದಲ್ಲಿ ಸ್ಟಾಲ್ ಹಾಕಿ ಎಲ್ಲರಿಗೂ ತೋರಿಸಿ ಆಮೇಲೆ ಅರ್ಜಿ ಹಾಕಿದರೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ. ಮೊದಲು ಅರ್ಜಿ, ಆಮೇಲೆ ಮೇಳ.

ನಿಮ್ಮ ಹೊಟ್ಟೆಪಾಡಿನ ಕಸುಬನ್ನೇ ಹೊರಗೆ ಕೊಡಬೇಡಿ. ಟೈಟನ್ ಎಡ್ಜ್ ನೋಡಿ. 2002ರಲ್ಲಿ ಬಂದಾಗ ವಾಚಿನ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರ 1.15 ಮಿಲಿಮೀಟರ್. ಅದನ್ನು ಹೊಸೂರಿನ ತಮ್ಮದೇ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಸಾಧಿಸಿದ್ದು. ಡಬ್ಬಿ, ಪ್ಯಾಕಿಂಗ್ ಹೊರಗೆ ಕೊಡಬಹುದು. ಆ ಒಳಗಿನ ಯಂತ್ರವನ್ನೇ ಕೊಟ್ಟಿದ್ದರೆ ವಾಚಿನಲ್ಲಿ ಅವರದ್ದು ಅಂತ ಏನು ಉಳಿಯುತ್ತಿತ್ತು?

ಹಾಗಾದರೆ ಯಾರಿಗೆ ಯಾವುದು

ಹೊಸ ಪ್ರಾಡಕ್ಟಿಗೆ ಅಂತ ತೆಗೆದಿಟ್ಟ ದುಡ್ಡು ಎರಡು ಮೂರು ಲಕ್ಷದ ಒಳಗಿದ್ದರೆ ಪದ್ಧತಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋಟ್‌ಬುಕ್ ಇಡಿ, ಇಪ್ಪತ್ತು ಪೀಸ್ ಮಾಡಿ, ದುಡ್ಡು ತೆಗೆದುಕೊಂಡೇ ಮಾರಿ ನೋಡಿ. ಹತ್ತು ಇಪ್ಪತ್ತು ಲಕ್ಷದ ಮೌಲ್ಡ್ ಇದ್ದರೆ ಅದರ ಮುಂದೆ ಒಂದು ಗೇಟು ಕಡ್ಡಾಯ. ಗೇಟಿಗಿಂತ ಮೊದಲಿನ ಕೆಲಸ ಹೇಗಾದರೂ ನಡೆಯಲಿ, ಸಡಿಲವಾಗಿದ್ದಷ್ಟು ಒಳ್ಳೆಯದು. ಕಾಯ್ದೆಯ ತಾರೀಖು ಅಥವಾ ಸೀಸನ್ ಕುತ್ತಿಗೆಗೆ ಕೂತಿದ್ದರೆ ಅಲ್ಲಿಂದ ಹಿಂದಕ್ಕೆ ಎಣಿಸಿ. ಮುಂಗಾರಿಗೆ ಬೇಕಾದದ್ದು ಜನವರಿಯಲ್ಲಿ ಗೇಟು ದಾಟಿರಬೇಕು, ಇಲ್ಲದಿದ್ದರೆ ಆ ವರ್ಷದ ಆಸೆ ಬಿಡಿ. ಅರ್ಧಕ್ಕರ್ಧ ಸಾಫ್ಟ್‌ವೇರೇ ಇದ್ದರೆ ಆ ತಂಡಕ್ಕೆ ಸ್ಕ್ರಮ್ ಕೊಡಿ, ಶಾಪ್ ಫ್ಲೋರಿಗೆ ಹೇರಬೇಡಿ. ರಫ್ತು ಮಾಡುವವರು, ವೈದ್ಯಕೀಯ ಉಪಕರಣದವರು ದಾಖಲೆ ಇಡಲೇಬೇಕು, ಅವರಿಗೆ ಪೂರ್ತಿ ಸ್ಟೇಜ್-ಗೇಟ್ ಭಾರ ಅನ್ನಿಸುವುದಿಲ್ಲ.

ಒಟ್ಟಿಗೆ ಇಡೀ ಕಂಪನಿಯನ್ನು ಬದಲಿಸಲು ಹೋಗಬೇಡಿ. ಒಂದೇ ಪ್ರಾಡಕ್ಟ್, ಒಂದೇ ತಂಡ, ಮೂರು ತಿಂಗಳು. ಅದಕ್ಕೂ ಮೊದಲು ಕಳೆದ ಮೂರು ಪ್ರಾಡಕ್ಟ್ ತೆಗೆದುಕೊಂಡು ದುಡ್ಡು, ದಿನ ಎಲ್ಲೆಲ್ಲಿ ಸೋರಿತು ಅಂತ ಬರೆಯಿರಿ. ಕನ್ಸಲ್ಟೆಂಟ್‌ಗೆ ಫೀಸ್ ಕೊಡುವ ಮೊದಲು ಈ ಹಾಳೆ ಮಾಡಿ. ಎಷ್ಟೋ ಸಲ ಹಾಳೆ ನೋಡಿದ ಮೇಲೆ ಕನ್ಸಲ್ಟೆಂಟ್ ಬೇಕೇ ಆಗಲ್ಲ.

ಪೀಣ್ಯದ ಗೆಳೆಯರು ಹಾಗೆ ಮಾಡಿದರು. ಹಾಳೆಯಲ್ಲಿ ಕಂಡದ್ದು ಸರಳವಾಗಿತ್ತು: ಆ್ಯಪ್ ಆರು ಸಲ ಬದಲಾಗಿದೆ, ಅದರಿಂದ ನಷ್ಟ ಏನೂ ಇಲ್ಲ. ಪ್ಯಾನೆಲಿನ ಹೊರಡಬ್ಬಿ ಎರಡು ಸಲ ಬದಲಾಗಿದೆ, ದುಡ್ಡೆಲ್ಲ ಹೋಗಿದ್ದು ಅಲ್ಲಿ. ಈಗ ಫರ್ಮ್‌ವೇರ್ ಕೆಲಸ ಮಗಳ ಸ್ಕ್ರಮ್ ಬೋರ್ಡಿನ ಮೇಲಿದೆ. ಡಬ್ಬಿಗೆ ಮಾತ್ರ ಗೇಟು. ಮೂರನೇ ಡಬ್ಬಿಯನ್ನು ಮೌಲ್ಡ್‌ಗೆ ಕಳಿಸುವ ಮೊದಲು ಸಿಲಿಕೋನ್ ಅಚ್ಚಿನ ಹನ್ನೆರಡು ಪೀಸ್ ಮಾಡಿ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಕಡೆಯ ತೋಟಗಳಲ್ಲಿ ಆಯಾ ತೋಟದವರ ಎಲೆಕ್ಟ್ರಿಷಿಯನ್ನಿಂದಲೇ ಹಾಕಿಸಿದರು. ಮುಂಗಡ ಸಾವಿರ ರೂಪಾಯಿ, ಒಂಬತ್ತು ಜನ ಕೊಟ್ಟರು.

ಮೊನ್ನೆ ಗೇಟ್ ಮೀಟಿಂಗ್. ಸಿಗ್ನಲ್ ತೊಂದರೆ ಬರಬಹುದು ಅಂತ ಎಲ್ಲರೂ ಕಾಯುತ್ತಿದ್ದರು. ಅದು ಬರಲಿಲ್ಲ. ಎರಡು ಡಬ್ಬಿಯಲ್ಲಿ ಕೇಬಲ್ ಹೋಗುವ ತೂತಿನಿಂದ ಹಲ್ಲಿ ಒಳಗೆ ಹೋಗಿ ಮೋಟಾರ್ ಆನ್-ಆಫ್ ಮಾಡುವ ಕಾಂಟ್ಯಾಕ್ಟರ್ ಮೇಲೆ ಸತ್ತಿತ್ತು. ಸರ್ವೀಸಿನ ಹುಡುಗ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದು ಟೇಬಲ್ ಮೇಲೆ ಇಟ್ಟನಂತೆ. ಮೌಲ್ಡ್ ಆರ್ಡರ್ ಇನ್ನೂ ಹೋಗಿಲ್ಲ. ತೂತಿಗೆ ಕೇಬಲ್ ಸುತ್ತ ಬಿಗಿಯಾಗಿ ಕೂರುವ ರಬ್ಬರ್ ಗ್ಲಾಂಡ್ ಸೇರಿಸಿ ಡ್ರಾಯಿಂಗ್ ತಿದ್ದುತ್ತಿದ್ದಾರೆ.